ಎಡಗೈಗೆ ಕಟ್ಟಿದ ದಾರ

ನಮ್ಮ ದೇವರ ಮನೆಯಲ್ಲಿ ಅಮ್ಮನವರ ಪಟದ ಹಿಂದೆ ಅರಿಶಿನ ಬಟ್ಟೆಯ ಒಂದು ಸಣ್ಣ ಗಂಟು ಇದೆ. ಒಳಗಿರುವುದು ಒಂದು ನಾಣ್ಯ, ಒಂದು ಅರಿಶಿನದ ಕೊಂಬು, ಅಷ್ಟೆ. ನಾನೇ ಕಟ್ಟಿಟ್ಟ ಮುಡಿಪು. ಬೇಡಿಕೊಂಡದ್ದು ಆದ ಮೇಲೆ ಅದನ್ನು ಒಯ್ದು ದೇವಸ್ಥಾನಕ್ಕೆ ಒಪ್ಪಿಸಬೇಕು. ಪಟ ಒರೆಸುವಾಗಲೆಲ್ಲ ಅದು ಬೆರಳಿಗೆ ತಾಗುತ್ತದೆ, ತಾಗಿದ ಮೇಲೆ ಅವತ್ತಿಡೀ ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಒಲೆ ಮೇಲೆ ಹಾಲಿಟ್ಟು ಬಾಲ್ಕನಿಗೆ ಹೋಗುತ್ತೇನೆ, ಬಾಲ್ಕನಿಯಿಂದ ಮತ್ತೆ ದೇವರ ಮನೆಗೆ ಬರುತ್ತೇನೆ.

ನಾನು ಬೇಡಿಕೊಂಡಿದ್ದು ಇಷ್ಟೇ. ನನ್ನ ಮಗಳು ಎಡಗೈ ಬಿಟ್ಟು ಬಲಗೈ ಹಿಡಿಯಬೇಕು.

ಅವಳಿಗೆ ಆಗ ಒಂಬತ್ತು ವರ್ಷ. ಚಮಚ ಹಿಡಿದ ದಿನದಿಂದಲೂ ಎಡಗೈಯವಳು. ಬರೆಯುವುದು, ಕತ್ತರಿಸುವುದು, ಬಾಗಿಲ ಚಿಲಕ ತೆಗೆಯುವುದು, ಎಲ್ಲ ಅದರಲ್ಲೇ. ಊಟಕ್ಕೆ ಮಾತ್ರ ಹೇಗೋ ಬಲಗೈ ರೂಢಿ ಮಾಡಿಸಿದ್ದೆ. ನನ್ನವರು ಪಂಪ್‌ಸೆಟ್ ಕಾರ್ಖಾನೆಯಲ್ಲಿ ಎಂಜಿನಿಯರು. ಅವರ ಮಟ್ಟಿಗೆ ಇದೊಂದು ವಿಷಯವೇ ಅಲ್ಲ. "ಬಿಡೇ, ಎಡಗೈ ಬೌಲರ್‌ಗೆ ಎಲ್ಲಾ ಟೀಮಲ್ಲೂ ಡಿಮ್ಯಾಂಡು" ಎಂದು ನಕ್ಕು ಪೇಪರು ಮಡಚುತ್ತಿದ್ದರು. ಅತ್ತೆ ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲೇ ಬೇರು ಬಿಟ್ಟ ಕನ್ನಡದ ಮನೆಯವರು. ಅರ್ಧ ತಮಿಳು ಬೆರೆಸಿ ಕನ್ನಡ ಆಡುತ್ತಾರೆ, ಕನ್ನಡ ಓದಲು ಬರುವುದಿಲ್ಲ. ಅವರೂ "ಪರವಾಯಿಲ್ಲಮ್ಮಾ, ದೊಡ್ಡವಳಾದ್ರೆ ಶರಿ ಆಗ್ತಾಳೆ" ಎಂದು ಬಿಟ್ಟಿದ್ದರು. ನಾನು ಘಟ್ಟದ ಮೇಲಿನ ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು. ಆಚಾರದಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ನನಗೆ ನಿದ್ದೆ ಬರುವುದಿಲ್ಲ. ಅದು ನನ್ನ ಗುಣ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೂ ಆ ಸೀಮಂತದ ದಿನದವರೆಗೆ ನಾನು ಸುಮ್ಮನೇ ಇದ್ದೆ.

ಹತ್ತಿರದಲ್ಲೇ, ವಾಯುನೆಲೆಯಿರುವ ಸೂಲೂರಿನಲ್ಲಿ ನನ್ನವರ ಸೋದರತ್ತೆ ಇದ್ದಾರೆ. ಎಲ್ಲರೂ ಅವರನ್ನು ದೊಡ್ಡತ್ತೆ ಎನ್ನುತ್ತೇವೆ. ಅವರ ಮೊಮ್ಮಗಳ ಸೀಮಂತ. ಬಳೆ ತೊಡಿಸುವ ಶಾಸ್ತ್ರ ನಡೆದಿತ್ತು. ಬಂದ ಮುತ್ತೈದೆಯರಿಗೆ ಕುಂಕುಮ ಕೊಡಲು ಯಾರೋ ನನ್ನ ಮಗಳ ಕೈಗೆ ಬೆಳ್ಳಿ ತಟ್ಟೆ ಕೊಟ್ಟರು. ಅವಳಿಗೆ ಹಿಗ್ಗು. ಪಾವಡೆ ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಾಗಿ ಕೊಡುತ್ತ ಬಂದಳು. ತಟ್ಟೆ ಬಲಗೈಯಲ್ಲಿ, ಕುಂಕುಮ ಎಡಗೈಯಲ್ಲಿ. ದೊಡ್ಡತ್ತೆಯ ಮುಂದೆ ಬಂದಾಗ ಅವರು ತಲೆ ಹಿಂದಕ್ಕೆ ಎಳೆದುಕೊಂಡರು.

"ಅಯ್ಯೋ ಕಣ್ಣು, ಕಂದಾ, ಈ ಕೈಲಿ ಕುಂಕುಮ ಇಡ್ತಾರಾ? ನಿಮ್ಮಮ್ಮ ಇದೆಲ್ಲಾ ಸೊಲ್ಲಿ ಕೊಟ್ಟಿಲ್ವಾ? ಆ ಕೈಲಿ ಇಡು."

ಮಗು ಗಾಬರಿಯಾಗಿ ತಟ್ಟೆಯನ್ನು ಎಡಗೈಗೆ ಬದಲಾಯಿಸಿ ಬಲಗೈಯಲ್ಲಿ ಕುಂಕುಮ ಎತ್ತಿದಳು. ಅದೇ ಹೊತ್ತಿಗೆ ನೆತ್ತಿಯ ಮೇಲೆ ವಾಯುಪಡೆಯ ವಿಮಾನವೊಂದು ಹಾರಿ ಶಾಮಿಯಾನವೇ ಅದುರಿತು. ಬಲಗೈ ನಡುಗಿ ತಟ್ಟೆಯ ಅಂಚಿಗೆ ಬಡಿಯಿತು. ಕುಂಕುಮವೆಲ್ಲ ದೊಡ್ಡತ್ತೆಯ ಗಿಳಿಹಸಿರು ರೇಷ್ಮೆ ಸೀರೆಯ ಮಡಿಲಿಗೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀರೆ ಕೊಡವುತ್ತ ಒಬ್ಬರು "ಘಟ್ಟದ ಮೇಲೆ ಹಿಂಗೇನೇ ಇರ್ಬೇಕು" ಎಂದರು. ಎಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮಗಳು ನನ್ನ ಸೀರೆಯ ಸೆರಗು ಹಿಡಿದು, "ಅಮ್ಮಾ, ಸೀರೆ ವಾಷ್ ಮಾಡಿದ್ರೆ ಹೋಗುತ್ತಾ?" ಎಂದು ಮೂರು ಸಲ ಕೇಳಿದಳು. ನನಗೆ ಅವತ್ತು ಉರಿದದ್ದು ಮಗುವಿನ ಮೇಲಿನ ಮರುಕದಿಂದಲ್ಲ, ನನ್ನ ಮಾನ ಹೋಯಿತೆಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

ಆಷಾಢದ ಹೊತ್ತಿಗೆ ಬರುವ ತಮಿಳರ ಆಡಿ ತಿಂಗಳು ಅಮ್ಮನವರದು. ಅದರ ಮೊದಲ ಶುಕ್ರವಾರ ನಾನು ತಲೆಗೆ ಸ್ನಾನ ಮಾಡಿ ಮುಡಿಪು ಕಟ್ಟಿದೆ. ಆಮೇಲೆ ಅಮ್ಮನವರ ಪಾದದಲ್ಲಿಟ್ಟಿದ್ದ ಅರಿಶಿನ ದಾರವನ್ನು ಮಗಳ ಎಡ ಮಣಿಕಟ್ಟಿಗೆ ಸುತ್ತಿದೆ.

"ನೋಡು, ಈ ಕೈಯನ್ನ ಅಮ್ಮನವರಿಗೆ ಕೊಟ್ಟುಬಿಟ್ಟಿದ್ದೀವಿ. ಇದು ಈಗ ಅವಳದು. ಅವಳ ಕೈಲಿ ನಾವು ಕೆಲಸ ಮಾಡಿಸಬಾರದು. ಗೊತ್ತಾಯ್ತಾ?"

ಇನ್ನೊಂದು ಮಗುವಾಗಿದ್ದರೆ ಮಧ್ಯಾಹ್ನಕ್ಕೆ ಮರೆತಿರುತ್ತಿತ್ತು. ನನ್ನವಳು ನಂಬಿಬಿಟ್ಟಳು. ದೇವರ ವಿಷಯದಲ್ಲಿ ಅವಳು ನನ್ನ ಹಾಗೆಯೇ. ದೀಪ ಹಚ್ಚಿದ ಮೇಲೆ ಜೋರಾಗಿ ಮಾತೂ ಆಡದವಳು. ಮರುದಿನದಿಂದ ಆ ಕೈ ಕೆಲಸ ಬಿಟ್ಟಿತು. ಫ್ರಾಕಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದಳು. ಬರೆಯುವಾಗ ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಮೊದಲ ವಾರ ನನಗೆ ಸಂತೋಷವೇ ಆಯಿತು. ಬೇಡಿಕೊಂಡ ತಕ್ಷಣ ಕೇಳಿಸಿಕೊಂಡಳಲ್ಲ ತಾಯಿ ಎಂದು ಪಟಕ್ಕೆ ಎರಡು ಎಳೆ ಹೆಚ್ಚಿಗೆ ಹೂವಿಟ್ಟೆ.

ಆಮೇಲೆ ಪ್ರಶ್ನೆಗಳು ಶುರುವಾದವು.

"ಅಮ್ಮಾ, ಈ ಕೈಲಿ ಮೂಗು ಒರೆಸ್ಕೊಬಹುದಾ?"

"ಒರೆಸ್ಕೊ."

"ಅಮ್ಮನವರ ಕೈ ಅಲ್ವಾ?"

"ಹಾಗಾದ್ರೆ ಬೇಡ."

"ಅಮ್ಮಾ, ಬಸ್ಸಲ್ಲಿ ಕಂಬಿ ಹಿಡ್ಕೊಬಹುದಾ? ಅಮ್ಮಾ, ಇದಕ್ಕೆ ಸೊಳ್ಳೆ ಕಚ್ಚಿದೆ, ಹೊಡೀಲಾ?"

ಅತ್ತೆ ಅಡುಗೆಮನೆಯಿಂದಲೇ ಕೂಗಿದರು. "ಸೊಳ್ಳೆ ಹೊಡಿಯೋಕೂ ಪರ್ಮಿಷನ್ ಲೆಟರ್ ಬೇಕಾ? ಏನಮ್ಮಾ ಇದು, ಮನೇನಾ, ತಾಲೂಕು ಆಫೀಸಾ?"

ನಾನು ನಗಲಿಲ್ಲ. ಶಾಲೆಯಿಂದ ಬಂದ ನೋಟ್‌ಬುಕ್ಕಿನಲ್ಲಿ ಅಕ್ಷರಗಳು ಗಾಳಿಗೆ ಬಿದ್ದ ಬೇಲಿಯ ಹಾಗಿದ್ದವು. ಟೀಚರು ಬೈದಿರಲಿಲ್ಲ, "ಕೈಗೆ ಪೆಟ್ಟಾಗಿದೆಯಾ?" ಎಂದು ಕೆಂಪು ಶಾಯಿಯಲ್ಲಿ ಕೇಳಿದ್ದರು. ಅದಕ್ಕೆ ಏನೆಂದು ಬರೆಯಲಿ?

ನನ್ನ ನಿದ್ದೆ ಕೆಡಿಸಿದ್ದು ಮೂರನೆಯ ಶುಕ್ರವಾರದ ಹೂವು. ನಮ್ಮ ಮನೆಯಲ್ಲಿ ಶುಕ್ರವಾರ ಅಮ್ಮನವರಿಗೆ ಮುಡಿಸುವ ಮಲ್ಲಿಗೆ ಕಟ್ಟುತ್ತಿದ್ದವಳು ಮಗಳು. ಬಿಡಿ ಹೂ ತರುತ್ತಿದ್ದೆ, ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಕಟ್ಟುತ್ತಿದ್ದರು. ಎದುರಿಗೆ ಕೂತು ನೋಡಿ ಕಲಿತದ್ದರಿಂದ ಕನ್ನಡಿಯಲ್ಲಿ ಕಂಡ ಹಾಗೆ ಅಜ್ಜಿಯ ಬಲ ಇವಳ ಎಡವಾಗಿ, ಎಷ್ಟು ಬೇಗ ಕೈ ಕೂತಿತ್ತೆಂದರೆ ಎರಡು ವರ್ಷದಿಂದ ಪ್ರತಿ ವಾರದ ಹಾರ ಅವಳದೇ. ಹಿಂದಿನ ವಾರ ಅತ್ತೆ ಕಟ್ಟಿದ್ದರು, ಅವತ್ತು ಇವಳು ದಾರದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಬಲಗೈ ಒಂದರಲ್ಲೇ ಕಟ್ಟಿದಳು. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ನಾನು ಪಟಕ್ಕೆ ಮುಡಿಸಿ, ದೀಪ ಹಚ್ಚಿ, ಆರತಿ ಎತ್ತಿದೆ. ಆರತಿಯ ಅರ್ಧದಲ್ಲಿ ಗಂಟು ಸಡಿಲವಾಗಿ ಮಲ್ಲಿಗೆ ಉದುರತೊಡಗಿತು. ಒಂದು, ಆಮೇಲೆ ಎರಡು, ಆಮೇಲೆ ಒಟ್ಟಿಗೆ ಒಂದು ಹಿಡಿ. ಪಟದ ಮೇಲೆ ಬರಿಯ ದಾರ ಉಳಿಯಿತು.

ಮಗಳು ಕೈಮುಗಿದು ನಿಂತಿದ್ದಳು. ಕೈಮುಗಿಯುವಾಗಲೂ ಎಡಗೈಯನ್ನು ಬಲಗೈ ಎತ್ತಿ ತಂದು ಜೋಡಿಸಿಕೊಂಡಿತ್ತು, ಯಾರದೋ ಕೈಯನ್ನು ಎತ್ತಿದ ಹಾಗೆ.

"ಅಮ್ಮನವರಿಗೆ ಕೋಪನಾ?" ಎಂದಳು.

ಆಗ ನನ್ನ ತಲೆಯೊಳಗೆ ಒಂದು ಮಾತು ಹೊಕ್ಕಿತು. ಎರಡು ವರ್ಷ ಆ ತಾಯಿ ಎಡಗೈಯ ಹಾರವನ್ನೇ ಮುಡಿದಿದ್ದಳು, ಒಂದು ವಾರವೂ ಬೇಡವೆನ್ನಲಿಲ್ಲ. ಬೇಡವೆಂದದ್ದು ಸೂಲೂರಿನ ದೊಡ್ಡತ್ತೆ. ಅವರ ಮಾತನ್ನು ನಾನು ದೇವರ ಬಾಯಿಗೆ ಹಾಕಿದ್ದೆ.

ಹೊಕ್ಕ ಮಾತು ಹೊರಗೆ ಹೋಗಲಿಲ್ಲ. ಆದರೆ ಹರಕೆ ಕಟ್ಟಿ ಆಗಿದೆ. ಕಟ್ಟಿದ ಮುಡಿಪನ್ನು ನನ್ನ ಮನಸ್ಸು ಬದಲಾಯಿತೆಂದು ಬಿಚ್ಚಬಹುದೇ? ಬಿಚ್ಚಿದರೆ ಮಗುವಿಗೆ ಏನಾದರೂ ಆದರೆ? ಅಕ್ಕಿ ಆರಿಸಲು ಕೂತರೆ ಕಲ್ಲು ಬಿಟ್ಟು ಅಕ್ಕಿ ಎಸೆದೆ. ನನ್ನವರನ್ನು ಕೇಳಿದರೆ "ಕತ್ತರಿ ತಗೊಂಡು ಕತ್ತರಿಸು, ಅಷ್ಟೇ ತಾನೆ" ಎನ್ನುತ್ತಾರೆ. ಅವರಿಗೆ ಅದು ದಾರ. ಕೊನೆಗೆ ಅತ್ತೆಯೇ ದಾರಿ ಹೇಳಿದರು.

"ಪೂ ಕೇಳೋಣಮ್ಮಾ. ಅವಳೇ ಹೇಳ್ಲಿ."

ಈ ಕಡೆಯಲ್ಲಿ ಇದೊಂದು ಪದ್ಧತಿ. ಮದುವೆಗೋ ಮನೆಗೋ ಮನಸ್ಸು ನಿಲ್ಲದಿದ್ದಾಗ ಅಮ್ಮನವರ ಗುಡಿಗೆ ಹೋಗಿ ಹೂವಿನಲ್ಲಿ ಅಪ್ಪಣೆ ಕೇಳುತ್ತಾರೆ. ಬಿಳಿ ಕಣಗಿಲೆ ಒಂದು ಎಲೆಯಲ್ಲಿ, ಕೆಂಪು ಕಣಗಿಲೆ ಇನ್ನೊಂದರಲ್ಲಿ, ಹೊರಗಿನಿಂದ ಎರಡೂ ಒಂದೇ ಥರ ಕಾಣುವ ಹಾಗೆ ಮಡಚಿ ದೇವಿಯ ಮುಂದೆ ಇಡುತ್ತಾರೆ. ಒಂದು ಮಗುವಿನಿಂದ ಒಂದನ್ನು ಎತ್ತಿಸುತ್ತಾರೆ. ಯಾವ ಬಣ್ಣಕ್ಕೆ ಏನು ಅರ್ಥವೆಂದು ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರಬೇಕು.

ನಾಲ್ಕನೆಯ ಶುಕ್ರವಾರ ಬೆಳಿಗ್ಗೆ ಮೂವರೂ ಮೆಟ್ಟುಪಾಳ್ಯದ ಬಸ್ಸು ಹತ್ತಿದೆವು. ಆಡಿ ಶುಕ್ರವಾರದ ಜನ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮಗಳು ಬಲಗೈಯಲ್ಲಿ ನನ್ನನ್ನು ಹಿಡಿದು, ಎಡಗೈಯನ್ನು ಜೇಬಿನಲ್ಲಿಟ್ಟು, ಪ್ರತಿ ಬ್ರೇಕಿಗೂ ತೂಗಾಡುತ್ತಿದ್ದಳು. ಕಂಡಕ್ಟರು "ಪಾಪ್ಪಾ, ಎರಡು ಕೈಲೂ ಹಿಡ್ಕೋ" ಎಂದರೆ ನನ್ನ ಮುಖ ನೋಡಿದಳು. ಆ ನೋಟ ಈಗಲೂ ನನ್ನನ್ನು ಬಿಟ್ಟಿಲ್ಲ. ನಾನು ಅವಳ ಕಿವಿಯಲ್ಲಿ ಹೇಳಿದೆ, "ಬಿಳಿ ಬಂದ್ರೆ ದಾರ ಬಿಚ್ಚೋಣ." ಅವಳು ಮೆಟ್ಟುಪಾಳ್ಯ ಬರುವವರೆಗೂ ಬಾಯೊಳಗೇ "ಬಿಳಿ, ಬಿಳಿ" ಎನ್ನುತ್ತಿದ್ದಳು.

ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದು ಹೊಳೆಯ ದಡದ ಚಿಕ್ಕ ಗುಡಿಗೆ ಹೋದೆವು. ಅಲ್ಲಿನ ಹೆಸರಾದ ದೊಡ್ಡ ಗುಡಿಯಲ್ಲಿ ಅಂಥ ದಿನ ಹೂವಿನ ಅಪ್ಪಣೆಗೆ ಪುರುಸೊತ್ತಿರುವುದಿಲ್ಲವೆಂದು ಅತ್ತೆ ಈ ಗುಡಿಯನ್ನು ಹೇಳಿದ್ದರು. ಅದೂ ಒಂದು ಪುಣ್ಯ, ನಮ್ಮ ಮುಂದೆ ಇಬ್ಬರೇ ಇದ್ದರು. ಪೂಜಾರಿ ವಯಸ್ಸಾದವರು, ಬಾಯಿ ತುಂಬ ಎಲೆಅಡಿಕೆ. ಎರಡು ಪೊಟ್ಟಣ ಕಟ್ಟಿ ಅಮ್ಮನ ಮುಂದೆ ಕುಲುಕಿ ಹಾಕಿ, ಸುತ್ತ ನೋಡಿ, ಒಂದನ್ನು ಎತ್ತು ಬಾ ಎಂದು ತಮಿಳಿನಲ್ಲಿ ಮಗಳನ್ನು ಕರೆದರು.

"ಅಮ್ಮಿಣಿ, ನೀನೇ ವಾ. ಒಂದು ಎಡು."

ಅವಳು ಮುಂದೆ ಹೋದಳು. ಜೇಬಿನಿಂದ ಎಡಗೈ ತಾನಾಗಿ ಹೊರಗೆ ಬಂತು. ಅರ್ಧ ದಾರಿ ಹೋಗಿ ನಿಂತಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು, ಬಲಗೈ ಚಾಚಿ, ಬಲಕ್ಕಿದ್ದ ಪೊಟ್ಟಣ ಎತ್ತಿದಳು.

ಪೂಜಾರಿ ಬಿಡಿಸಿದರು. ಕೆಂಪು.

ಮಗಳು ಅಳಲಿಲ್ಲ. ದಾರವಿದ್ದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡಳು, ಅಷ್ಟೇ. ಅತ್ತೆ ಚೌಕಾಸಿಗೆ ಇಳಿದರು.

"ಸಾಮಿ, ಇನ್ನೊಂದು ತಡವೆ ಕೇಳಿ. ಮಗು ಕೈ ನಡುಗಿತು."

"ಮಾರ್ಕೆಟ್‌ನಲ್ಲಿ ಬೆಲೆ ಕೇಳೋ ಹಾಗೆ ಅವಳನ್ನ ಕೇಳ್ತಾರಾ ಪಾಟಿ? ಒಂದು ಕೇಳ್ವಿ, ಒಂದು ಸಲ." ಅವರು ಹೊರಗೆ ಹೋಗಿ ಉಗುಳಿ ಬಂದು ನನ್ನ ಕಡೆ ತಿರುಗಿದರು. "ಏನಮ್ಮಾ, ಏನು ಕೇಳಿದೆ?"

ನನ್ನ ಹರಕು ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ. ಸೀಮಂತ, ಸೀರೆ, ಮುಡಿಪು, ದಾರ. ಹರಕೆಯಿಂದ ಬಿಡುಗಡೆ ಕೊಡುತ್ತೀಯಾ ಎಂದು ಕೇಳಿದೆ, ಇಲ್ಲವೆಂದಳು ಎಂದೆ. ಅವರು ಮಗಳ ಜೇಬನ್ನು ನೋಡಿದರು.

"ಹರಕೆ ಹೊತ್ತವರು ಯಾರು?"

"ನಾನು."

"ಮಗು ಬಾಯಲ್ಲಿ ಹೇಳಿಸಿದ್ಯಾ?"

"ಇಲ್ಲ."

"ಮತ್ತೆ ದಾರ ಯಾಕೆ ಅವಳ ಕೈಲಿದೆ?"

ಅವರು ಬೈಯುವ ದನಿಯಲ್ಲೂ ಕೇಳಿರಲಿಲ್ಲ. ಚಪ್ಪಲಿ ಅದಲುಬದಲು ಹಾಕಿಕೊಂಡು ಹೊರಟವರಿಗೆ ಹೇಳುವ ಹಾಗೆ ಕೇಳಿದ್ದರು. "ಬಿಡಲ್ಲ ಅಂದಿದ್ದು ನಿನ್ನನ್ನ. ನಿನ್ನ ಹರಕೆ, ನೀನು ಹೊರು. ಕುಳಂದೈಯ ವಿಡು, ಮಗುನ ಬಿಟ್ಟುಬಿಡು." ಅಷ್ಟು ಹೇಳಿ ಮುಂದಿನವರ ತೆಂಗಿನಕಾಯಿ ತೆಗೆದುಕೊಂಡರು.

ಗುಡಿಯ ಹೊರಗೆ ಹೊಳೆಯ ಮೆಟ್ಟಿಲ ಮೇಲೆ ಕೂತು ದಾರ ಬಿಚ್ಚಲು ನೋಡಿದೆ. ಮೂರು ವಾರ ನೀರು ಕುಡಿದ ಗಂಟು, ಉಗುರಿಗೆ ಸಿಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಸಡಿಲ ಮಾಡಿದೆ. ಅರಿಶಿನ, ಬೆವರು, ಮಗುವಿನ ಚರ್ಮದ ಉಪ್ಪು. ಕೆಳಗೆ ಬಿಳಿ ಪಟ್ಟಿಯ ಹಾಗೆ ಗುರುತು ಬಿದ್ದಿತ್ತು. ಅವಳು ಆ ಕೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿದಳು.

"ಈಗ ಇದು ಯಾರ ಕೈ ಅಮ್ಮಾ?"

"ನಿಂದೇ."

"ಅಮ್ಮನವರು ವಾಪಸ್ ಕೊಟ್ರಾ?"

"ಅವಳು ತಗೊಂಡೇ ಇರಲಿಲ್ಲ ಕಂದ. ನಾನೇ ತಪ್ಪು ಹೇಳಿಬಿಟ್ಟೆ."

ಹೆತ್ತ ಮಗುವಿನ ಮುಂದೆ ತಪ್ಪು ಹೇಳಿದೆ ಎನ್ನುವುದು ನನಗೆ ಅಭ್ಯಾಸವಿಲ್ಲದ ಮಾತು. ನಾನು ಬಲಗೈ ಚಾಚಿ ದಾರ ಕಟ್ಟು ಎಂದೆ. ಅವಳು ಎಡಗೈಯಲ್ಲಿ ಎಳೆ ಸುತ್ತಿ, ಹೂ ಕಟ್ಟುವ ಹಾಗೆ ತಿರುವಿ, ಗಂಟು ಬಿಗಿದಳು. ನಾನು ಕಟ್ಟಿದ್ದಕ್ಕಿಂತ ಬಿಗಿ.

"ಅಯ್ಯೋ, ಈಗ ಮನೇಲಿ ಅಡುಗೆ ಯಾರು ಮಾಡೋದು?" ಎಂದರು ಅತ್ತೆ.

ನಾನೇ ಮಾಡಿದೆ, ಎಡಗೈಯಲ್ಲಿ, ಒಂದು ಮಂಡಲ ಪೂರ್ತಿ. ಮಗು ಮೂರು ವಾರ ಅನುಭವಿಸಿದ್ದನ್ನು ನಾನು ನಲವತ್ತೆಂಟು ದಿನ ಅನುಭವಿಸುತ್ತೇನೆಂದು ಅಮ್ಮನವರಿಗೆ ಹೇಳಿಕೊಂಡೆ. ದೇವರ ದೀಪಕ್ಕೆ ಮಾತ್ರ ಎರಡೂ ಕೈ ಸೇರಿಸುತ್ತಿದ್ದೆ. ಮಿಕ್ಕಿದ್ದೆಲ್ಲ ಎಡ. ಸೌಟು ಹಿಡಿದರೆ ಸಾಂಬಾರು ನೆಲಕ್ಕೆ. ಮೊದಲ ದಿನ ಈರುಳ್ಳಿ ಹೆಚ್ಚಲು ಮುಕ್ಕಾಲು ಗಂಟೆ. ದೋಸೆ ಯಾವ ದೇಶದ ನಕ್ಷೆಯೋ ಎಂದು ನನ್ನವರು ತಿರುಗಿಸಿ ತಿರುಗಿಸಿ ನೋಡಿ ತಿಂದರು. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಿದರೆ ಚುಕ್ಕಿಗಳು ಕುಡಿದವರ ಹಾಗೆ ನಿಂತಿರುತ್ತಿದ್ದವು. ಪಕ್ಕದ ಮನೆಯಾಕೆ ಬಕೆಟ್ ಹಿಡಿದು ನಿಂತು, "ಏನುಂಗಕ್ಕಾ, ಕೋಲಂ ಮೇಲೆ ಆಟೋ ಹೋಯ್ತಾ?" ಎಂದರು. ಮಗಳು ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿ ಬಂದವಳು ಕೂತು, ಎಡಗೈಯಲ್ಲೇ ಎರಡು ಗೆರೆ ಸರಿಮಾಡಿ ಹೋಗುತ್ತಿದ್ದಳು. ಅವಳ ಬರವಣಿಗೆ ಹತ್ತು ದಿನದಲ್ಲಿ ಹಿಂದಿನಂತಾಯಿತು. ಹಾರವೂ ಉದುರಲಿಲ್ಲ. ಆದರೆ ಒಂದು ಮಾತ್ರ ಹೋಗಲಿಲ್ಲ. ಏನು ಮಾಡಬೇಕಾದರೂ ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡುವುದು. ಪೆನ್ಸಿಲ್ ಎತ್ತುವ ಮೊದಲು, ನೀರು ಕುಡಿಯುವ ಮೊದಲು ನೋಡುತ್ತಿದ್ದಳು. ದಾರ ಬಿಚ್ಚುವುದು ಸುಲಭವಾಗಿತ್ತು, ಇದನ್ನು ಬಿಚ್ಚಲು ನನಗೆ ಯಾವ ಹಲ್ಲೂ ಇರಲಿಲ್ಲ. "ಮಾಡು, ಕೇಳಬೇಡ" ಎಂದು ದಿನಕ್ಕೆ ಹತ್ತು ಸಲ ಹೇಳಿದೆ. ಹೇಳಿದ್ದಕ್ಕೂ ತಲೆಯಾಡಿಸಿ ಮುಖ ನೋಡಿದಳು.

ಮಂಡಲ ಮುಗಿಯಲು ಇನ್ನೂ ಮೂರು ದಿನ ಇರುವಾಗ ನವರಾತ್ರಿ ಬಂತು. ಮೆಟ್ಟಿಲ ಮೇಲೆ ಬೊಂಬೆ ಕೂರಿಸಿದೆವು. ಎರಡನೆಯ ಸಂಜೆ ಸೂಲೂರಿನ ದೊಡ್ಡತ್ತೆ ಬೊಂಬೆ ನೋಡಲು ಬಂದರು. ಅದೇ ಗಿಳಿಹಸಿರು ಸೀರೆ. ಬಾಗಿಲಲ್ಲೇ ನನ್ನ ಬಲ ಮಣಿಕಟ್ಟಿನ ದಾರವನ್ನೂ ಎಡಗೈಯಲ್ಲಿದ್ದ ನೈವೇದ್ಯದ ಕಡಲೆ ಸುಂಡಲಿನ ಸೌಟನ್ನೂ ನೋಡಿ ನಿಂತರು.

"ನಿಂಗೂ ಬಂದ್ಬಿಟ್ಟಿತಾ?"

"ಹೌದು, ಅಂಟುರೋಗ ಅತ್ತಿಗೆ, ದೂರ ನಿಂತ್ಕೊಳ್ಳಿ" ಎಂದರು ನಮ್ಮತ್ತೆ ಒಳಗಿನಿಂದ.

ತಾಂಬೂಲದ ಹೊತ್ತಾಯಿತು. ನನ್ನ ಬಲಗೈ ಹರಕೆಯ ಕಟ್ಟಿನಲ್ಲಿದ್ದುದರಿಂದ ಕುಂಕುಮ ಕೊಡುವ ಕೆಲಸ ಮಗಳ ಪಾಲಿಗೆ ಬಂದಿತ್ತು. ಅವಳು ತಟ್ಟೆ ಹಿಡಿದು ಎದುರು ನಿಂತಳು. ತಟ್ಟೆ ಬಲಗೈಯಲ್ಲಿ. ಈಗ ತಿರುಗಿ ನನ್ನನ್ನು ನೋಡುತ್ತಾಳೆ, ನಾನು ಹೂಂ ಎನ್ನಬೇಕು, ಗಟ್ಟಿಯಾಗಿ ಎನ್ನಬೇಕು ಎಂದುಕೊಂಡೆ.

ದೊಡ್ಡತ್ತೆ ಮೆಲ್ಲಗೆ, ಪ್ರೀತಿಯಿಂದಲೇ, ಹೇಳಿದರು. "ಆ ಕೈಲಿ ಇಡು ಕಣ್ಣು. ಇಟ್ಟುಕೊಳ್ತೀನಿ."

ಅವಳು ನನ್ನ ಕಡೆ ತಿರುಗಲಿಲ್ಲ.

"ಆ ಕೈಲಿ ಇಟ್ರೆ ಚೆಲ್ಲುತ್ತೆ ಅಜ್ಜಿ. ಹೋದ್ಸಲ ನೀವೇ ಹೇಳಿದ್ರಿ, ಚೆಲ್ತು. ಅದೇ ಸೀರೆ."

ದೊಡ್ಡತ್ತೆ ಮಡಿಲು ನೋಡಿಕೊಂಡರು. ಆ ಸೀರೆಯನ್ನು ಡ್ರೈಕ್ಲೀನಿಂಗಿಗೆ ಎರಡು ಸಲ ಕೊಟ್ಟಿದ್ದರಂತೆ. ಒಂದು ಗಳಿಗೆ ಬೊಂಬೆಗಳನ್ನು ನೋಡಿದರು, ತಟ್ಟೆಯನ್ನು ನೋಡಿದರು. ಆಮೇಲೆ ಮುಖ ಮುಂದಕ್ಕೆ ಚಾಚಿ ಕಣ್ಣು ಮುಚ್ಚಿದರು.

"ಶರಿ, ಶರಿ. ಇಡು. ಬೇಗ ಇಡು."

ಇಟ್ಟಳು. ಎಡಗೈಯ ಉಂಗುರ ಬೆರಳಲ್ಲಿ, ಹುಬ್ಬುಗಳ ನಡುವೆ, ದುಂಡಗೆ. ಒಂದು ಪುಡಿಯೂ ಕೆಳಗೆ ಬೀಳಲಿಲ್ಲ. ಇಟ್ಟು ಮುಗಿಸಿ ತಟ್ಟೆ ತೆಗೆದುಕೊಂಡು ಪಕ್ಕದ ಮನೆಯಾಕೆಯ ಕಡೆ ಹೋದಳು.

ದೊಡ್ಡತ್ತೆಯ ಮನಸ್ಸು ಬದಲಾಯಿತೆಂದು ನಾನು ಹೇಳಲಾರೆ. ಸೀರೆಯ ಮೇಲಿನ ಆಸೆಗೆ ಇಡಿಸಿಕೊಂಡರು. ಹೋಗುವಾಗ ನನ್ನ ಕಿವಿಯಲ್ಲಿ "ಮದುವೆ ವಯಸ್ಸಿಗೆ ಮುಂಚೆ ಶರಿ ಮಾಡಿಬಿಡು" ಎಂದೇ ಹೋದರು. ನಾನು "ಆಗಲ್ಲ ದೊಡ್ಡತ್ತೆ" ಎಂದೆ. ಅವರ ಮುಂದೆ ನಾನು ಆಡಿದ ಮೊದಲನೆಯ ಇಲ್ಲ ಅದು, ಮೆಲ್ಲಗೆ ಬಂತು. ಅವರಿಗೆ ಕೇಳಿಸಿತೋ ಇಲ್ಲವೋ, ಚಪ್ಪಲಿ ಹುಡುಕುತ್ತಿದ್ದರು.

ಮಂಡಲ ಮುಗಿದು ದಾರ ಬಿಚ್ಚಿದೆ. ಮುಡಿಪು ಮಾತ್ರ ಪಟದ ಹಿಂದೆ ಹಾಗೆಯೇ ಇದೆ. ಬೇಡಿಕೊಂಡದ್ದು ಆಗಲಿಲ್ಲ, ಹಾಗಾಗಿ ಒಪ್ಪಿಸುವಂತಿಲ್ಲ. ಆ ತಾಯಿ ಕೆಂಪು ಹೂ ಕೊಟ್ಟಿದ್ದಾಳೆ, ಹಾಗಾಗಿ ಬಿಚ್ಚುವಂತಿಲ್ಲ. ಸದ್ಯ, ಆಗಲಿಲ್ಲವಲ್ಲ ಎಂದು ದಿನವೂ ಅವಳಿಗೆ ಕೈಮುಗಿಯುತ್ತೇನೆ, ಹೀಗೆ ಕೈಮುಗಿಯಬಹುದೇ ಎಂದು ದಿನವೂ ಅನುಮಾನಪಡುತ್ತೇನೆ. ನಿನ್ನೆ ಶುಕ್ರವಾರ ಮಗಳು ಹಾರ ಕಟ್ಟುತ್ತಿದ್ದಾಗ ನನ್ನ ಕಣ್ಣು ತಾನಾಗಿ ಮೊದಲು ಅವಳ ಕೈಗೆ ಹೋಯಿತು, ಆಮೇಲೆ ಮುಖಕ್ಕೆ. ಈ ಚಟ ನನ್ನದು, ಇನ್ನೂ ಬಿಟ್ಟಿಲ್ಲ. ಅವಳು ತಲೆಯೆತ್ತಲಿಲ್ಲ. ಬಾಯಲ್ಲಿ ದಾರದ ತುದಿ ಕಚ್ಚಿಕೊಂಡು, "ಅಮ್ಮಾ, ಬೆಳಕಿಗೆ ಅಡ್ಡ ನಿಂತಿದ್ದೀಯ, ಜರುಗು" ಎಂದಳು.

ಜರುಗಿದೆ.